ಬಚ್ಚಲುಮನೆಯಲ್ಲಿ ಬೆಳಕಾಯಿತು

ಮೈಸೂರಿನಲ್ಲಿ ನಾವು ಮೂವರು ಹುಡುಗರು ಬಾಡಿಗೆಗಿದ್ದ ಹಳೆಯ ಮನೆಯ ಬಚ್ಚಲಿಗೆ ಸ್ವಿಚ್ಚು ಹೊರಗಿತ್ತು. ಒದ್ದೆ ಕೈಯಲ್ಲಿ ಮುಟ್ಟಿ ಯಾರೂ ಸಾಯದಿರಲಿ ಎಂದು ಹಿರಿಯರು ಮಾಡಿದ ಏರ್ಪಾಡು. ಒಳಗಿರುವವನ ಬೆಳಕು ಹೊರಗಿರುವವರ ಕೈಯಲ್ಲಿರುತ್ತದೆ ಎಂಬ ಈ ಸಣ್ಣ ಸಂಗತಿ ಮುಂದೆ ನನ್ನ ಅಂಕಪಟ್ಟಿಯವರೆಗೂ ಬರುತ್ತದೆ ಎಂದು ಅಡ್ವಾನ್ಸ್ ಕೊಡುವಾಗ ನನಗೆ ಹೊಳೆದಿರಲಿಲ್ಲ.

ಕಲಾ ಕಾಲೇಜಿನ ಎರಡನೇ ವರ್ಷ. ವೇಳಾಪಟ್ಟಿಯಲ್ಲಿ ‘ಪ್ರಾಯೋಗಿಕ ಛಾಯಾಗ್ರಹಣ’ ಎಂದಿತ್ತು. ಥಿಯರಿ ಮುಗಿಯಿತು, ಇನ್ನು ಪ್ರಾಕ್ಟಿಕಲ್ ಇರಬೇಕು ಎಂದುಕೊಂಡು ಚಿಕ್ಕಪ್ಪನ ಹತ್ತಿರ ಕಾಡಿ ಬೇಡಿ ತಂದ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಹೋದೆ. ಮೇಷ್ಟರು ಅದನ್ನು ಪ್ರೀತಿಯಿಂದ ನೋಡಿ, “ಇದನ್ನು ಮನೆಯಲ್ಲಿ ಬೀರುವಿನೊಳಗೆ ಇಡು. ನಾಳೆ ಬರುವಾಗ ಬಿಸ್ಕತ್ತಿನ ಖಾಲಿ ಡಬ್ಬಿ ತಾ” ಎಂದರು. ‘ಪ್ರಾಯೋಗಿಕ’ ಎಂಬ ಪದಕ್ಕೆ ಪ್ರಯೋಗಕ್ಕೆ ಸಿಕ್ಕಿಕೊಂಡವನು ಎಂಬ ಅರ್ಥವೂ ಇರಬಹುದೆಂದು ಆಗ ಅನುಮಾನ ಬಂತು.

ಡಬ್ಬಿಯ ಒಳಕ್ಕೆ ಕಪ್ಪು ಬಣ್ಣ ಬಳಿದೆ. ಬದಿಯಲ್ಲಿ ಕಿಟಕಿ ಕೊರೆದು, ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕತ್ತರಿಸಿದ ತುಂಡು ಅಂಟಿಸಿ, ಹೊಲಿಗೆ ಸೂಜಿಯ ತುದಿಯಿಂದ ಅರ್ಧ ಮಿಲಿಮೀಟರಿಗೂ ಚಿಕ್ಕದಾದ ತೂತು ಮಾಡಿದೆ. ಲೆನ್ಸೂ ಇಲ್ಲ, ಶಟರೂ ಇಲ್ಲ. ತೂತಿಗೆ ಅಂಟಿಸಿದ ಇನ್ಸುಲೇಷನ್ ಟೇಪನ್ನು ಕಿತ್ತರೆ ಶುರು, ಮತ್ತೆ ಅಂಟಿಸಿದರೆ ಮುಕ್ತಾಯ. ಫಿಲ್ಮಿನ ಜಾಗದಲ್ಲಿ ಕಪ್ಪು ಬಿಳುಪಿನ ಪ್ರಿಂಟ್ ಹಾಕುವ ಕಾಗದ. ಅದಕ್ಕೆ ಬೆಳಕು ಹತ್ತುವುದು ಬಹಳ ನಿಧಾನವಾದ್ದರಿಂದ ಮೈಸೂರಿನ ಮಧ್ಯಾಹ್ನದ ಬಿಸಿಲಿನಲ್ಲೂ ಒಂದು ನಿಮಿಷ ಬೇಕು.

ಡಬ್ಬಿಯನ್ನು ದೇವರಾಜ ಮಾರುಕಟ್ಟೆಗೆ ಒಯ್ದೆ. ಹೂವಿನ ಸಾಲು, ಸೇವಂತಿಗೆಯ ರಾಶಿ, ಚೌಕಾಸಿ ಮಾಡುವ ಹೆಂಗಸರು, ಮಾರು ಹಾಕಿ ಅಳೆಯುವ ಕೈಗಳು, ಎಲ್ಲವೂ ನನ್ನ ಡಬ್ಬಿಯೊಳಗೆ ಬಂದು ಕೂರುತ್ತವೆ ಎಂಬ ಕನಸು. ಹೂವಿನವರೊಬ್ಬರು, “ಡಬ್ಬಿಯಲ್ಲಿ ಏನಪ್ಪಾ, ಪ್ರಸಾದವೇ?” ಎಂದು ಕೈ ಚಾಚಿದರು. ಫೋಟೋ ತೆಗೆಯುತ್ತಿದ್ದೇನೆ ಎಂದೆ. ಅವರು ನನ್ನ ಮುಖವನ್ನೂ ಡಬ್ಬಿಯನ್ನೂ ನೋಡಿ, ಒಂದು ಸೇವಂತಿಗೆ ಕೊಟ್ಟು, “ಒಳ್ಳೆಯದಾಗಲಿ” ಎಂದರು. ಕಾಯಿಲೆಯವರನ್ನು ನೋಡಲು ಆಸ್ಪತ್ರೆಗೆ ಹೋದಾಗ ನಾವು ಹೇಳುವ ದನಿಯಲ್ಲಿ.

ಕಾಗದ ತೊಳೆದು ನೋಡಿದರೆ ಇಡೀ ಮಾರುಕಟ್ಟೆಯಲ್ಲಿ ಜನವೇ ಇಲ್ಲ! ಬುಟ್ಟಿಗಳಿವೆ, ತಕ್ಕಡಿ ಇದೆ, ತೊಲೆಗಳಿವೆ. ಒಂದು ನಿಮಿಷದಲ್ಲಿ ಅಲ್ಲಾಡಿದವರೆಲ್ಲ ಅಳಿಸಿ ಹೋಗಿದ್ದರು. ನೂರಾರು ಜನರ ನಡುವೆ ಕದಲದೆ ನಿಂತದ್ದು ಒಂದೇ ಒಂದು ಹಸು. ಅದು ಮಾತ್ರ ಕೊಂಬಿನ ತುದಿಯವರೆಗೂ ಸ್ಪಷ್ಟವಾಗಿ ಬಂದಿತ್ತು. ಮೇಷ್ಟರಿಗೆ ಖುಷಿಯೋ ಖುಷಿ. 1838ರಲ್ಲಿ, ಛಾಯಾಗ್ರಹಣ ಇನ್ನೂ ಹೊಸದಾಗಿದ್ದಾಗ, ಅದರ ಆದಿಪುರುಷರಲ್ಲೊಬ್ಬನಾದ ಡಾಗೆರ್ ಪ್ಯಾರಿಸಿನ ಬೀದಿಯ ಚಿತ್ರ ತೆಗೆದಾಗಲೂ ಹೀಗೆಯೇ ಗಾಡಿ ಘೋಡಾ ಎಲ್ಲ ಮಾಯವಾಗಿ, ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತಾ ನಿಂತಿದ್ದವನೊಬ್ಬ ಗುರುತು ಸಿಗುವಂತೆ ಉಳಿದನಂತೆ. “ನಿನ್ನದು ಹಸು, ಅವನದು ಬೂಟಿನವನು” ಎಂದು ಮೇಷ್ಟರು ನನ್ನನ್ನೂ ಡಾಗೆರನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ಈ ವಿಷಯದ ಸೊಗಸೇ ಅದು: ನೀವು ಎಂಥ ಎಡವಟ್ಟು ಮಾಡಿದರೂ ಅದನ್ನು ನಿಮಗಿಂತ ಮೊದಲೇ ಒಬ್ಬ ಯೂರೋಪಿನವನು ಮಾಡಿ, ಇಸವಿ ಸಮೇತ ಹೆಸರಿಟ್ಟು ಹೋಗಿರುತ್ತಾನೆ.

ಮುಂದಿನದು ಸಯನೋಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವುದು. ಇದಕ್ಕೆ ಬೇಕಾದದ್ದು ಎರಡೇ ಎರಡು ಪುಡಿ: ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್. ಅಂಗಡಿಯವರು ನಾನು ಬರೆದುಕೊಂಡು ಹೋದ ಚೀಟಿಯನ್ನು ಓದುತ್ತಾ ಓದುತ್ತಾ ಎರಡನೆಯ ಹೆಸರಿನ ಬಾಲಕ್ಕೆ ಬಂದು ನಿಂತುಬಿಟ್ಟರು. ಸ್ಟೂಲು ಎಳೆದು ಕೂರಿಸಿದರು. ನೀರು ಕೊಟ್ಟರು. “ನೋಡಪ್ಪ, ಈ ವಯಸ್ಸಿನಲ್ಲಿ ಇದೆಲ್ಲ ಬಂದು ಹೋಗುತ್ತದೆ. ನನ್ನ ಭಾವಮೈದನಿಗೂ ಆಗಿತ್ತು. ಈಗ ಎರಡು ಮಕ್ಕಳು” ಎಂದರು. ಅದು ಆ ಸಯನೈಡ್ ಅಲ್ಲ, ಕಬ್ಬಿಣದ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿರುವುದರಿಂದ ಅಷ್ಟು ಅಪಾಯವಿಲ್ಲ, ಎಲೆಗಳ ಚಿತ್ರ ತೆಗೆಯುವುದಕ್ಕೆ ಎಂದು ಹತ್ತು ನಿಮಿಷ ವಿವರಿಸಿದೆ. ಕಾಲೇಜಿನ ಮೊಹರು ಹಾಕಿದ ಪತ್ರ ತಂದ ಮೇಲೆಯೇ ಪೊಟ್ಟಣ ಕಟ್ಟಿದರು. ಕೊಡುವಾಗಲೂ ದಾರವನ್ನು ಬಿಡಲು ಅವರ ಬೆರಳಿಗೆ ಮನಸ್ಸಿರಲಿಲ್ಲ.

ಜಾನ್ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ 1842ರಲ್ಲಿ ಕಂಡುಕೊಂಡ ವಿಧಾನ ಇದು. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬಾಕೆ ಇದೇ ವಿಧಾನದಲ್ಲಿ ಬ್ರಿಟನ್ನಿನ ಕಡಲ ಪಾಚಿಗಳ ಚಿತ್ರಗಳನ್ನು ಅಚ್ಚು ಹಾಕತೊಡಗಿದರು. ಮೈಸೂರಿಗೆ ಕಡಲಿಲ್ಲ. ನಾನು ಮನೆಯ ಯಜಮಾನಿಯವರ ಕರಿಬೇವಿನ ಗಿಡಕ್ಕೆ ಕೈ ಹಾಕಿದೆ. ದ್ರಾವಣ ಬಳಿದ ಕಾಗದದ ಮೇಲೆ ಎಲೆ, ಅದರ ಮೇಲೆ ಗಾಜು. ತಾರಸಿಯಲ್ಲಿ ಒಂದು ಕಡೆ ಅವರ ಸಂಡಿಗೆ, ಇನ್ನೊಂದು ಕಡೆ ನನ್ನ ಕಲೆ. ಎರಡನ್ನೂ ಕಾಗೆಯಿಂದ ಕಾಯುವ ಕೆಲಸ ನನಗೇ ಬಿತ್ತು. ಕಾಲು ಗಂಟೆ ಬಿಸಿಲು ಕಾಯಿಸಿ ನೀರಿಗೆ ಹಾಕಿದರೆ ಎಲೆಯ ನೆರಳು ಬಿಳಿಯಾಗಿ ಉಳಿದು ಸುತ್ತೆಲ್ಲ ಕಡುನೀಲಿ. ಎಷ್ಟು ಸಲ ನೋಡಿದರೂ ಸಾಲದ ನೀಲಿ ಅದು. ಯಜಮಾನಿಯವರು ನೋಡಿ ಮೆಚ್ಚಿ, “ಆಯಿತಲ್ಲ, ಇನ್ನು ಆ ಕರಿಬೇವು ಕೊಡು, ಒಗ್ಗರಣೆಗೆ ಬೇಕು” ಎಂದರು. ದ್ರಾವಣ ತಾಗಿದೆ, ಒಗ್ಗರಣೆಗೆ ಬೇಡ ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು.

ಎಡವಟ್ಟಾದದ್ದು ಹಿಂದಿನ ಸಂಜೆಯೇ, ಆದರೆ ಅದು ಗೊತ್ತಾದದ್ದು ಮಾರನೆಯ ದಿನ. ಕಾಗದಕ್ಕೆ ದ್ರಾವಣ ಬಳಿದಾದ ಮೇಲೆ ಬ್ರಶ್ಶನ್ನು ಒಮ್ಮೆ ಕೊಡವಿದ್ದೆ. ತಂತಿಯ ಮೇಲೆ ಯಜಮಾನರ ಬಿಳಿ ಪಂಚೆ ಇತ್ತು. ಹನಿಗಳು ತೆಳು ಹಳದಿ ಬಣ್ಣದವಾದ್ದರಿಂದ ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ಬೆಳಿಗ್ಗೆ ಸೂರ್ಯ ತನ್ನ ಕೆಲಸ ಮಾಡಿದ. ಏನೋ ಕಲೆ ಕಾಣುತ್ತಿದೆಯಲ್ಲ ಎಂದು ಯಜಮಾನಿಯವರು ಪಂಚೆಯನ್ನು ಮತ್ತೆ ನೀರಿಗೆ ಅದ್ದಿದರು. ಅಂದರೆ, ಅವರಿಗೇ ತಿಳಿಯದಂತೆ ಪ್ರಿಂಟನ್ನು ಡೆವಲಪ್ ಮಾಡಿದರು. ನಕ್ಷತ್ರ ಮಂಡಲದಂತೆ ನೀಲಿ ಚುಕ್ಕೆಗಳು ಮೂಡಿದವು. ಹರ್ಷೆಲ್ ಕಂಡಿದ್ದರೆ ಯಾವ ರಾಶಿ ಎಂದು ಹೇಳುತ್ತಿದ್ದರೋ ಏನೋ. ಬಟ್ಟೆಗೆ ಹಾಕುವ ನೀಲಿ ಹೆಚ್ಚಾಯಿತೆಂದು ತಿಳಿದ ಅವರು ಪಂಚೆಯನ್ನು ವಾಷಿಂಗ್ ಸೋಡಾದಲ್ಲಿ ನೆನೆಹಾಕಿದರು. ಆ ನೀಲಿಗೆ ಸೋಡಾ ಕಂಡರಾಗದು. ಬಣ್ಣ ಹಾರಿ, ಕಬ್ಬಿಣದ ತುಕ್ಕಿನ ಹಳದಿ ಉಳಿಯಿತು. ಈಗ ಪಂಚೆಯ ಮೇಲೆ ಯಾರೋ ಸಾರು ಚೆಲ್ಲಿದ ಹಾಗಿತ್ತು. ಮೇಷ್ಟರ ಬಳಿ ಸಂಕಟ ತೋಡಿಕೊಂಡೆ. “ಸೋಡಾ ಆಯಿತೇ? ಸರಿ, ಈಗ ಚಹಾದ ಕಷಾಯದಲ್ಲಿ ಅದ್ದು. ಕಪ್ಪಗೆ ಚೆನ್ನಾಗಿ ಬರುತ್ತದೆ. ಅದಕ್ಕೆ ಟೋನಿಂಗ್ ಎನ್ನುತ್ತಾರೆ” ಎಂದರು. ಪಂಚೆಯ ಯಜಮಾನರಿಗೆ ಈ ಸಲಹೆಯನ್ನು ಮುಟ್ಟಿಸುವ ಧೈರ್ಯ ನನಗಾಗಲಿಲ್ಲ.

ಕಾಫಿಯಿಂದ ಡೆವಲಪ್ ಮಾಡುವ ಪಾಠವೂ ಇತ್ತು. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ. ಅಮೆರಿಕದ ರೋಚೆಸ್ಟರಿನಲ್ಲಿ 1995ರಲ್ಲಿ ಒಬ್ಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಂದಿಗೆ ಕಾಫಿ ಮತ್ತು ಸೋಡಾದಿಂದ ಶುರು ಮಾಡಿದ್ದು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಬೇರೊಂದು ಆಮ್ಲ. ಅದರ ವಾಸನೆಯ ಬಗ್ಗೆ ಇಷ್ಟು ಹೇಳಿದರೆ ಸಾಕು: ಮೂರು ಹೊತ್ತೂ ಕಾಫಿ ಕುಡಿಯುವ ಯಜಮಾನರು ಬಾಗಿಲಲ್ಲಿ ನಿಂತು ಮೂಗೆಳೆದು, “ಚಿಕೋರಿ ಎಷ್ಟು ಹಾಕಿದ್ದೀರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು.

ಯಜಮಾನರ ವಿಷಯ ಸ್ವಲ್ಪ ಹೇಳಬೇಕು. ಅವರು ವಿದ್ಯುತ್ ಇಲಾಖೆಗೆ ಲೈನ್‌ಮನ್ ಆಗಿ ಸೇರಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಮೂವತ್ತು ವರ್ಷ ಊರಿನ ಕರೆಂಟು ತೆಗೆದು ಹಾಕಿದ ಕೈ. ಮನೆಯಲ್ಲಿ ಎಲ್ಲಾದರೂ ದೀಪ ಮಂಕಾಗಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಂದು ರಾತ್ರಿ, ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲನ್ನು ವಶಪಡಿಸಿಕೊಂಡೆ. ಹಂಡೆಯ ಪಕ್ಕ ಮೂರು ಪ್ಲಾಸ್ಟಿಕ್ ಟ್ರೇ, ಗೂಟಕ್ಕೆ ಕೆಂಪು ಜೀರೋ ಬಲ್ಬು. ಮಾರುಕಟ್ಟೆಯ ಹಸುವಿನ ನೆಗೆಟಿವನ್ನು, ಅಂದರೆ ಡಬ್ಬಿಯಲ್ಲಿ ಕಪ್ಪು ಬಿಳುಪು ಅದಲುಬದಲಾಗಿ ಬಂದಿದ್ದ ಆ ಕಾಗದವನ್ನು, ಹೊಸ ಕಾಗದದ ಮೇಲಿಟ್ಟು, ಬೆಳಕು ಕೊಟ್ಟು, ಕಾಗದವನ್ನು ಡೆವಲಪರಿಗೆ ಬಿಟ್ಟೆ. ಕೊಂಬು ಮೂಡಿತು. ಬೆನ್ನು ಮೂಡುತ್ತಿತ್ತು. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು. ಬಾಗಿಲ ಸಂದಿಯಲ್ಲಿ ಮಿಣುಕುವ ಕೆಂಪು ಕಂಡು ಯಜಮಾನರ ಜೀವ ಚುರುಕ್ ಎಂದಿರಬೇಕು. “ಪಾಪ, ಹುಡುಗ ಕತ್ತಲಲ್ಲಿ ಜಾರಿ ಬಿದ್ದಾನು” ಎಂದು ಟ್ಯೂಬ್‌ಲೈಟಿನ ಸ್ವಿಚ್ಚು ಅದುಮಿದರು. ನಾನು ಕಿರುಚಿದ ಪರಿಗೆ ಅವರು ತಕ್ಷಣ ಆರಿಸಿದರು. ಆಮೇಲೆ, “ಶಾಕ್ ಹೊಡೆಯಿತೇ?” ಎಂದು ಕೇಳಿದರು.

ಟ್ರೇಯಲ್ಲಿ ಹಸು ಕಪ್ಪಾಗತೊಡಗಿತು. ಬೇಸರದಿಂದ ಹಾಗೆಯೇ ಬಿಟ್ಟು ನೋಡುತ್ತಾ ಕುಳಿತೆ. ಪೂರ್ತಿ ಕಪ್ಪಾಗಲಿಲ್ಲ. ಬೆಳಕಿದ್ದ ಕಡೆ ಬೂದಿ ಬಣ್ಣ ತುಂಬಿ, ಹಸುವಿನ ಸುತ್ತ ಬೆಳ್ಳಿಯ ಎಳೆಯಂಥ ಬಿಳಿ ಗೆರೆಯೊಂದು ಎದ್ದು ನಿಂತಿತು. ಮಾರುಕಟ್ಟೆಯ ಬೀಡಾಡಿ ಹಸು ಕಾಮಧೇನುವಾಗಿತ್ತು.

ಮೇಷ್ಟರು ಅದನ್ನು ಕಿಟಕಿಯ ಬಳಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ನಿರೀಕ್ಷೆಯಂತೆ ಯೂರೋಪಿಗೆ ಹೋಗಿ ಬಂದರು. ಸಬಾಟಿಯೇ ಎಂಬ ಫ್ರೆಂಚಿನವನು 1862ರಲ್ಲೇ ಇದನ್ನು ಬರೆದಿಟ್ಟಿದ್ದನಂತೆ. 1929ರ ಸುಮಾರಿಗೆ ಪ್ಯಾರಿಸಿನಲ್ಲಿ ಮ್ಯಾನ್ ರೇ ಎಂಬ ಛಾಯಾಗ್ರಾಹಕನ ಕತ್ತಲ ಕೋಣೆಯಲ್ಲಿದ್ದ ಅವನ ಸಹಾಯಕಿ ಲೀ ಮಿಲ್ಲರಳ ಕಾಲ ಮೇಲೆ ಏನೋ ಹರಿದಾಡಿ, ಇಲಿಯೇ ಇರಬೇಕೆಂದು ಗಾಬರಿಯಾಗಿ ಆಕೆ ದೀಪ ಹಾಕಿದ್ದರಿಂದ ಅವರಿಬ್ಬರ ಕೈಗೆ ‘ಸೋಲರೈಸೇಷನ್’ ಎಂಬ ಈ ವಿದ್ಯೆ ಬಂತಂತೆ. ಪ್ಯಾರಿಸಿನ ಇಲಿ ಮಾಡಿದ ಕೆಲಸವನ್ನು ಮೈಸೂರಿನಲ್ಲಿ ನಮ್ಮ ಯಜಮಾನರು ಮಾಡಿದ್ದರು. ಕೊನೆಗೆ ಮೇಷ್ಟರು ಚಿತ್ರವನ್ನು ನನ್ನ ಕೈಗಿತ್ತು, “ಚೆನ್ನಾಗಿದೆ. ಇದೇ ಥರ ಇನ್ನೂ ನಾಲ್ಕು ಬೇಕು. ಎಷ್ಟು ಸೆಕೆಂಡ್ ಬೆಳಕು ಕೊಟ್ಟೆ ಎಂದು ರೆಕಾರ್ಡಿನಲ್ಲಿ ಬರೆದಿರಬೇಕು” ಎಂದರು.

ಜಾರಿ ಬಿದ್ದವನಿಗೆ ಅದೇ ಕಲ್ಲಿನ ಮೇಲೆ, ಅದೇ ಭಂಗಿಯಲ್ಲಿ ಇನ್ನೂ ನಾಲ್ಕು ಸಲ ಬೀಳು ಎಂದ ಹಾಗಾಯಿತು.

ಗೆಳೆಯನನ್ನು ಸ್ವಿಚ್ಚಿನ ಬಳಿ ನಿಲ್ಲಿಸಿ ಹನ್ನೆರಡು ಹಾಳೆ ಹಾಳು ಮಾಡಿದೆ. ಒಂದು ಹಸು ಇದ್ದಿಲು, ಇನ್ನೊಂದು ಹಸು ಮಂಜು. ಸೋತು ಯಜಮಾನರ ಬಳಿಗೇ ಹೋಗಿ, ಆ ದಿನ ಮಾಡಿದ್ದನ್ನು ಇನ್ನೊಮ್ಮೆ ಮಾಡಿಕೊಡಬೇಕೆಂದು ಕೇಳಿದೆ. ಪಂಚೆಯ ಪ್ರಸಂಗವಾದ ಮೇಲೆ ಅವರು ನನ್ನೊಂದಿಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಇದು ಕರೆಂಟಿನ ವಿಷಯ. ಕನ್ನಡಕ ಏರಿಸಿ, “ಟ್ಯೂಬ್‌ಲೈಟು ನಂಬಬೇಡ” ಎಂದರು. “ಚೋಕು, ಸ್ಟಾರ್ಟರು ಸೇರಿ ಒಂದು ಸಲ ಮೂರು ಬಾರಿ ಮಿಣುಕುತ್ತದೆ, ಒಂದು ಸಲ ಐದು ಬಾರಿ. ಸಂಜೆ ವೋಲ್ಟೇಜು 180ಕ್ಕೆ ಇಳಿದರೆ ಅದರ ಇಷ್ಟ. ಅಂದು ಒಂದು ಮಿಣುಕಿಗೆ ನಾನು ಆರಿಸಿದೆ. ಆ ಮಿಣುಕನ್ನು ಈಗ ಎಲ್ಲಿಂದ ತರುತ್ತೀಯ?”

ಅಂದಿನಿಂದ ಪ್ರಯೋಗ ನನ್ನ ಕೈ ತಪ್ಪಿತು. ಅವರು ಟ್ಯೂಬ್‌ಲೈಟ್ ಕಳಚಿ 40 ವ್ಯಾಟಿನ ಬಲ್ಬು ಹಾಕಿದರು. ವೋಲ್ಟೇಜು ಒಂದೇ ಸಮ ಇರಲೆಂದು ಅಡುಗೆಮನೆಯ ಫ್ರಿಜ್ಜಿನ ಸ್ಟೆಬಿಲೈಸರನ್ನು ಬಚ್ಚಲಿನ ಬಾಗಿಲಿಗೆ ತಂದರು. ಮೊಸರು ಹುಳಿಯಾಗಿ ಯಜಮಾನಿಯವರು ಎರಡು ದಿನ ನಮ್ಮಿಬ್ಬರ ಮುಖ ನೋಡಲಿಲ್ಲ. ಹಳೆಯ ಲಾಗ್ ಪುಸ್ತಕದ ಉಳಿದ ಪುಟಗಳಲ್ಲಿ ಗೆರೆ ಹಾಕಿ, ದಿನಾಂಕ, ವೇಳೆ, ವೋಲ್ಟೇಜು, ಸೆಕೆಂಡು, ಷರಾ ಎಂದು ಕಾಲಮ್ಮು ಮಾಡಿದರು. ನಾನು ಒಳಗಿನಿಂದ, “ಲೈನ್ ಕ್ಲಿಯರ್ ಸರ್” ಎನ್ನಬೇಕು. ಹಾಗೆನ್ನದೆ ಅವರು ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಷರಾ ಕಾಲಮ್ಮಿನಲ್ಲಿ ‘ಹಸು ಕಪ್ಪು’, ‘ಹಸು ಪರವಾಗಿಲ್ಲ’, ‘ಬಾಲ ಇಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆಯುತ್ತಾ ಹೋದರು. ಮಧ್ಯರಾತ್ರಿ ನೀರು ಕಾಯಿಸಲು ಬಂದ ಪಕ್ಕದ ಕೋಣೆಯವರು, ಬಾಗಿಲು ಮುಚ್ಚಿದ ಬಚ್ಚಲಿನ ಮುಂದೆ ಗಡಿಯಾರ ಹಿಡಿದು ನಿಂತ ವೃದ್ಧರನ್ನು ಕಂಡು, ಒಳಗಿನಿಂದ ಬರುವ “ಬಾಲ ಬಂತು ಸರ್!” ಎಂಬ ಕೂಗನ್ನೂ ಕೇಳಿ ಹಾಗೆಯೇ ಹಿಂದಿರುಗಿದರು. ಮರುತಿಂಗಳು ಮನೆ ಬದಲಿಸಿದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಜಮಾನರ ವಾದ.

ಮೂವತ್ತೊಂದನೆಯ ಹಾಳೆಯಿಂದ ಹಸುಗಳು ಒಂದರ ಹಿಂದೆ ಒಂದು ಬೆಳ್ಳಿ ಗೆರೆ ಉಟ್ಟು ಬಂದವು.

ವರ್ಷದ ಕೊನೆಯ ಪ್ರದರ್ಶನಕ್ಕೆ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಳದಿ ಚುಕ್ಕೆಯ ಆ ಪಂಚೆಯನ್ನೇ ಉಟ್ಟು ಬಂದರು. ಮರೆತು ಉಟ್ಟರೋ, ನನಗೆ ನೆನಪಿರಲಿ ಎಂದು ಉಟ್ಟರೋ ಕೇಳಲಿಲ್ಲ. ಹಸುವಿನ ಮುಂದೆ ಕೈ ಕಟ್ಟಿ ನಿಂತರು. ಮೇಲಿನ ಟ್ಯೂಬ್‌ಲೈಟು ಮಿಣುಕುತ್ತಿರುವುದನ್ನು ಕಂಡು ಅಟೆಂಡರಿಂದ ಸ್ಟೂಲು ತರಿಸಿ, ಹತ್ತಿ, ಸ್ಟಾರ್ಟರನ್ನು ಒಮ್ಮೆ ತಿರುವಿ ಸರಿ ಮಾಡಿ ಇಳಿದರು. ಆಮೇಲೆ ಚಿತ್ರದ ಕೆಳಗಿನ ಚೀಟಿ ಓದಿದರು. ನನ್ನ ಹೆಸರು, ‘ಸೋಲರೈಸೇಷನ್’, ‘40 ವ್ಯಾಟ್, 2 ಸೆಕೆಂಡ್’. ಅವರ ಹುಬ್ಬು ಗಂಟಾಯಿತು. ಜೇಬಿನಿಂದ ಪೆನ್ನು ತೆಗೆದು ಎರಡನ್ನು ಹೊಡೆದುಹಾಕಿ ಒಂದೂವರೆ ಎಂದು ಬರೆದು, ಪಕ್ಕದಲ್ಲಿ ಚಿಕ್ಕದಾಗಿ ರುಜು ಹಾಕಿದರು.

ಹಿಂದೆಯೇ ನಿಂತಿದ್ದ ಮೇಷ್ಟರು ಅದನ್ನು ನೋಡಿ, ನನ್ನ ರೆಕಾರ್ಡ್ ತೆಗೆದು, ಅರ್ಧ ಅಂಕ ಕಳೆದರು.