ಬೀಗದ ಜೊತೆ ಸೋಪೂ ಬೇಕು
ಹಾವಿನ ಪೆಟ್ಟಿಗೆಯ ಮುಚ್ಚಳಕ್ಕೆ ಬೀಗ ಹಾಕಿದರೆ ಸಾಕು, ಪುಟ್ಟ ಮಕ್ಕಳಿರುವ ಮನೆಯಲ್ಲೂ ಹಾವು ಸಾಕಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬೀಗ ಬೇಕೇ ಬೇಕು, ಒಪ್ಪುತ್ತೇನೆ. ನಾವಿರುವುದು ಅಮೆರಿಕದಲ್ಲಿ, ದೊಡ್ಡ ಮಗನ ಹತ್ತಿರ ಒಂದು ಕಾರ್ನ್ ಸ್ನೇಕ್ ಇದೆ, ವಿಷವಿಲ್ಲ, ತುಂಬಾ ಸಾಧು, ಆದರೆ ಚೂರು ಸಂದಿ ಸಿಕ್ಕರೂ ಮೂತಿ ತೂರಿಸಿ ಹೊರಗೆ ಬಂದುಬಿಡುತ್ತದೆ. ನನಗೆ ಜಾಸ್ತಿ ಭಯ ಅದು ಕಚ್ಚೀತು ಅಂತಲ್ಲ, ಸಾಲ್ಮೊನೆಲ್ಲಾದ್ದು. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ ಹೊಟ್ಟೆ ಕೆಡಿಸುವ ಈ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೇ ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 5 ವರ್ಷದೊಳಗಿನ ಮಕ್ಕಳಿಗೆ ಹಾವು ಮುಟ್ಟಿಸಬೇಡಿ ಅನ್ನುತ್ತದೆ. ನಮ್ಮ ಚಿಕ್ಕವಳಿಗೆ 3 ವರ್ಷ, ಬೆರಳು ಸದಾ ಬಾಯಲ್ಲೇ. ಹಾವು ಎತ್ತಿಕೊಂಡ ಅಣ್ಣ ಸೋಪು ಹಾಕಿ ಕೈ ತೊಳೆದು, ಅಂಗಿ ಬದಲಿಸದೆ ಅವಳನ್ನು ಮುಟ್ಟುವ ಹಾಗಿಲ್ಲ. ಹಾವಿನ ನೀರಿನ ಬಟ್ಟಲು ಅಡುಗೆಮನೆ ಸಿಂಕಿಗೆ ಬರಲೇಬಾರದು. ದಯವಿಟ್ಟು ಇದನ್ನೂ ಲೇಖನದಲ್ಲಿ ಸೇರಿಸಿ.