ಹುಳಿ ಕಮ್ಮಿಯಾದ ರಾಕ್ ಹಾಡು

ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆಯೋಕೆ ಮೈಲುತುತ್ತ ತರ್ತೀನಿ ಅಂತ ಶಿವಮೊಗ್ಗಕ್ಕೆ ಹೋದವ್ನು ವಾಪಸ್ ಬರುವಾಗ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡು ಬಂದೆ. ಜಗಲಿ ಮೇಲೆ ಚೀಲ ಬಿಚ್ಚಿದಾಗ ಹೆಂಡತಿ ಐದು ನಿಮಿಷ ಮಾತಾಡ್ಲಿಲ್ಲ. ಆಮೇಲೆ, "ಇದನ್ನ ಎಷ್ಟು ನೀರಿಗೆ ಬೆರೆಸಿ ಅಡಿಕೆ ಕೊನೆಗೆ ಹೊಡೀಬೇಕಂತೆ ರೀ?" ಅಂದ್ಲು.

ನಲವತ್ತಕ್ಕೆ ಎರಡು ವರ್ಷ ಬಾಕಿ ಇರುವಾಗ ಬೇರೆಯವ್ರಿಗೆ ಶುಗರ್ ಬರತ್ತೆ, ನಂಗೆ ರಾಕ್ ಹಾಡು ಬರೆಯೋ ಹುಚ್ಚು ಬಂತು. ನಮ್ಮೂರು ತೀರ್ಥಹಳ್ಳಿ ಕಡೆ, ಜುಲೈನಲ್ಲಿ ಆಗುಂಬೆಯಿಂದ ಈಚೆಗೆ ಮಳೆ ಬಿಟ್ರೆ ಬೇರೆ ಸುದ್ದಿನೇ ಇರಲ್ಲ, ಕರೆಂಟ್ ಹೋಗತ್ತೆ, ನೆಟ್‌ವರ್ಕ್ ಹೋಗತ್ತೆ, ಕೊನೆಗೆ ಮನುಷ್ಯನ ಹತ್ರ ಉಳಿಯೋದು ಕವಿತೆ ಒಂದೇ. ಮೊದಲ ಹಾಡು ಒಂದೇ ರಾತ್ರಿಲಿ ಮುಗೀತು. ಹೆಸರು ‘ಕತ್ತಲ ಬೇರು’. ಎದೆ ಸುಡುತಿದೆ, ಕಣ್ಣು ಉರಿಯುತಿದೆ, ಒಳಗೇನೋ ಕೊರೆಯುತಿದೆ, ಹೀಗೆ ಹದಿನಾರು ಸಾಲು, ಎಲ್ಲಾ ‘ತಿದೆ’. ನಾನಂತೂ ಪ್ರಾಸ ಎಷ್ಟು ಚೆನ್ನಾಗಿ ಕೂತಿದೆ ನೋಡು ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ. ಹೆಂಡತಿ ಕೇಳಿ, "ಇದು ಹಾಡಾ, ಡಾಕ್ಟ್ರ ಹತ್ರ ಹೇಳ್ಕೊಳೋದಾ?" ಅಂದ್ಲು.

ಒಂದು ವಿಷ್ಯ ಹೇಳ್ಬೇಕು, ಕನ್ನಡದಲ್ಲಿ ರಾಕ್ ಕಿರುಚೋದು ಸುಲಭ ಅಲ್ಲ. ನಮ್ಮ ವಾಕ್ಯದ ಕೊನೆಗೆ ಕ್ರಿಯಾಪದ ಬಂದು ಕೂರತ್ತೆ, ಅದರ ಬಾಲದಲ್ಲಿ ಎಷ್ಟೋ ಸಲ ಒಂದು ‘ಉ’. ಗಂಟಲು ಹರ್ಕೊಂಡು ‘ಹೋಯಿತೂಊಊ’ ಅಂದ್ರೆ ಕೇಳಿದವ್ರಿಗೆ ಲಾಸ್ಟ್ ಬಸ್ ತಪ್ಪಿದೆ ಅನ್ಸತ್ತೆ. ಬಾಯಿ ಪೂರ್ತಿ ತೆರೆಯೋ ಆ, ಏ ಬೇಕು. ಇದನ್ನ ಕಂಡುಹಿಡಿಯೋಕೆ ನಂಗೆ ಎರಡು ವಾರ ಮತ್ತೆ ಒಂದು ಬಾಟ್ಲಿ ಕೆಮ್ಮಿನ ಔಷಧಿ ಖರ್ಚಾಯ್ತು.

ಗಿಟಾರ್ ಮಾತ್ರ ಅಂದ್ಕೊಂಡಷ್ಟು ಕಷ್ಟ ಇರ್ಲಿಲ್ಲ. ರಾಕ್‌ನವ್ರು ಪವರ್ ಕಾರ್ಡ್ ಪವರ್ ಕಾರ್ಡ್ ಅಂತಾರಲ್ಲ, ಬಿಚ್ಚಿ ನೋಡಿದ್ರೆ ಅದು ನಮ್ಮ ಸ ಮತ್ತೆ ಪ ಒಟ್ಟಿಗೆ ಬಾರಿಸೋದು ಅಷ್ಟೇ. ತಂಬೂರಿನ ಸಿಟ್ಟಲ್ಲಿ ಮೀಟಿದ ಹಾಗೆ. ಮಧ್ಯದ ಗಾಂಧಾರ ಬಿಟ್ಬಿಡ್ತಾರೆ, ಅದಿದ್ರೆ ತಾನೆ ಖುಷಿನೋ ದುಃಖನೋ ಗೊತ್ತಾಗೋದು, ಜೊತೆಗೆ ರಾಕ್‌ನಲ್ಲಿ ಸದ್ದು ಗರಗರ ಅಂತ ಒಡೆದಾಗ ಆ ಸ್ವರ ಸೇರಿದ್ರೆ ಎಲ್ಲಾ ಕಲಸುಮೇಲೋಗರ. ಕಷ್ಟ ಇದ್ದಿದ್ದು ಆ ಒಡೆದ ಸದ್ದು ತರೋದ್ರಲ್ಲಿ. ನನ್ನ ಗಿಟಾರ್ ಎಷ್ಟು ಬಡಿದ್ರೂ ಮದುವೆ ಮನೆ ಮ್ಯಾಂಡೊಲಿನ್ ಥರ ಸಂಭಾವಿತವಾಗೇ ಕೇಳ್ತಿತ್ತು.

ಆಗ ಓದಿದ್ದು ಡೇವ್ ಡೇವಿಸ್ ಕಥೆ. ದಿ ಕಿಂಕ್ಸ್ ಬ್ಯಾಂಡ್‌ನ ಹುಡುಗ, 1964ರಲ್ಲಿ ತನ್ನ ಪುಟ್ಟ ಆಂಪ್ಲಿಫೈಯರ್‌ನ ಸ್ಪೀಕರ್ ಒಳಗಿನ ಕಾಗದದ ಕೋನನ್ನ ಬ್ಲೇಡಲ್ಲಿ ಸೀಳಿಬಿಟ್ಟ, ಹರಿದ ಕಾಗದ ಗರಗರ ಅಂತು, ಆ ಗರಗರ ಇರೋ ಹಾಡು ಇಂಗ್ಲೆಂಡಲ್ಲಿ ನಂಬರ್ ಒನ್ ಆಯ್ತು. ನಾನು ಓದಿದ್ದು ರಾತ್ರಿ ಹತ್ತೂವರೆಗೆ. ಹತ್ತೂ ಮುಕ್ಕಾಲಿಗೆ ಶೇವಿಂಗ್ ಬ್ಲೇಡ್ ಹಿಡ್ಕೊಂಡು ಅಟ್ಟ ಹತ್ತಿದ್ದೆ. ಅಲ್ಲಿದ್ದ ಸ್ಪೀಕರ್ ನಂದಲ್ಲ, ಊರ ಭಜನೆ ಮಂಡಳಿದು. ದೇವಸ್ಥಾನದ ರೂಮು ಸೋರ್ತದೆ ಅಂತ ಮಳೆಗಾಲಕ್ಕೆ ನಮ್ಮನೇಲಿ ಇಟ್ಟಿದ್ರು. ಸಣ್ಣದಾಗಿ ಸೀಳಿದ್ರೆ ಯಾರಿಗೆ ಗೊತ್ತಾಗತ್ತೆ ಅಂತ ಸೀಳಿದೆ, ಮೂರು ಕಡೆ. ಗಿಟಾರ್ ಹಾಕಿ ಒಂದು ಸ-ಪ ಬಾರಿಸಿದ್ರೆ, ಅಯ್ಯೋ ದೇವ್ರೇ, ಏನು ಸದ್ದು! ಕೊಟ್ಟಿಗೇಲಿ ದನ ಎದ್ದು ನಿಂತ್ವು.

ಶನಿವಾರ ಭಜನೆ. ದೊಡ್ಡಪ್ಪ ಹಾರ್ಮೋನಿಯಂ ಮುಂದೆ ಕೂತು ಮೈಕಿಗೆ ‘ಶ್ರೀ’ ಅಂದ್ರು, ಸ್ಪೀಕರಿಂದ ಹುಲಿ ಗುರ್ ಅಂದ ಹಾಗೆ ಬಂತು. ದೊಡ್ಡಪ್ಪ ಕೆಮ್ಮಿ ಗಂಟಲು ಸರಿ ಮಾಡ್ಕೊಂಡ್ರು. ಮತ್ತೆ ‘ಶ್ರೀ’. ಮತ್ತೆ ಗುರ್. ಬಿಸಿನೀರು ತರಿಸಿ ಕುಡಿದ್ರು, ಕಾಳುಮೆಣಸು ಅಗಿದ್ರು, ಮುಕ್ಕಾಲು ಗಂಟೆ ತನಗೆ ಕಫ ಕಟ್ಟಿದೆ ಅಂತಾನೇ ನಂಬ್ಕೊಂಡು ಹಾಡಿದ್ರು ಪಾಪ. ನಾನು ಕಂಬದ ಹಿಂದೆ ಕೂತು ತಾಳ ಹಾಕ್ತಿದ್ದೆ. ನಿಜ ಹೇಳ್ಲಾ, ಆ ದಿನದ ಭಜನೆಯಷ್ಟು ಮೈ ಜುಮ್ ಅನ್ನಿಸಿದ ಭಜನೆ ನಾನು ಜನ್ಮದಲ್ಲಿ ಕೇಳಿಲ್ಲ.

ಶಿವಮೊಗ್ಗದಲ್ಲಿ ರಿಪೇರಿಯವ್ನು ಕೋನ್ ನೋಡಿ "ಎಂತ ಆಗಿದ್ದು ಸಾರ್?" ಅಂದ. ಇಲಿ ಅಂದೆ. "ಸ್ಕೇಲ್ ಇಟ್ಟು ಕಚ್ಚಿದೆಯಲ್ಲ ಮಾರಾಯ್ರೆ" ಅಂದ. ಅಷ್ಟರಲ್ಲಿ ದೊಡ್ಡಪ್ಪಂಗೆ ವಿಷ್ಯ ಗೊತ್ತಾಗಿ ನನ್ನ ಹತ್ರ ಮಾತು ಬಿಟ್ಟಾಗಿತ್ತು.

ಇಷ್ಟರ ಮಧ್ಯೆ ಎರಡನೇ ಹಾಡಿಗೆ ಟ್ಯೂನ್ ರೆಡಿ ಇತ್ತು, ಸಾಹಿತ್ಯ ಇರ್ಲಿಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೂಡ ಒಂದು ಟ್ಯೂನಿಗೆ ಪದ ಸಿಗೋವರೆಗೂ ಮೊಟ್ಟೆ ಬುರ್ಜಿ ಅಂತ ಅರ್ಥ ಬರೋ ಪದ ಹಾಕ್ಕೊಂಡು ಹಾಡ್ತಿದ್ರಂತೆ. ನಾವು ಸಸ್ಯಾಹಾರಿಗಳು, ಮರದ ಮೇಲೆ ಬೆಳೆಯೋ ಕೆಸುವಿನ ಎಲೆ ತಿಂಡಿ ನೆನಪಾಗಿ ನಾನು ‘ಮರಕೆಸದ ಪತ್ರೊಡೇ’ ಅಂತ ಹಾಕ್ಕೊಂಡೆ. ಕೊನೆಗೆ ಏ ಬೇರೆ ಬರತ್ತಲ್ಲ, ಎಳೆಯೋಕೆ ಅನುಕೂಲ. ತಬಲಾ ಬಾರಿಸೋ ಭಾವಮೈದ ಜೊತೆಗೆ ಸೇರ್ಕೊಂಡ. ಅವನಿಗೆ ನಾಲ್ಕರಲ್ಲಿ ಎರಡು ಮತ್ತೆ ನಾಲ್ಕನೇ ಪೆಟ್ಟು ಜೋರಾಗಿ ಬೀಳ್ಬೇಕು, ರಾಕ್ ಅಂದ್ರೆ ಅದೇ ಅಂದ್ರೆ, "ಮೊದಲ ಪೆಟ್ಟು ಸಮ, ಅದನ್ನ ಬಿಟ್ಟು ಬೀದೀಲಿ ಹೊಡೆಯೋದಾ ಭಾವ?" ಅಂತ ಅಳೋದೊಂದು ಬಾಕಿ.

ಗಣಪತಿ ಪೆಂಡಾಲಿನಲ್ಲಿ ನಮಗೆ ಹದಿನೈದು ನಿಮಿಷ ಕೊಟ್ಟಿದ್ರು. ಹೆಂಡತಿ ಸಾಗರದ ತವರಿಗೆ ಹೋಗಿದ್ಲು, ಹಾಗಾಗಿ ಮಧ್ಯಾಹ್ನ ನಾನೇ ಮರಕೆಸ ಕೊಯ್ದು ಪತ್ರೊಡೆ ಮಾಡಿದೆ, ದೊಡ್ಡಪ್ಪನ ಸಿಟ್ಟು ಇಳೀಲಿ ಅಂತ ಅವ್ರ ಮನೆಗೂ ಒಂದು ಡಬ್ಬಿ ಕಳಿಸಿದೆ. ಹುಣಸೆಹಣ್ಣು ಸರಿಯಾಗಿ ಹಾಕ್ದಿದ್ರೆ ಕೆಸುವಿನ ಎಲೇಲಿರೋ ಸೂಜಿಯಂಥಾ ಹರಳು ಗಂಟಲಿಗೆ ಚುಚ್ಚತ್ತೆ ಅನ್ನೋದು ಮಲೆನಾಡಿನ ಮಕ್ಕಳಿಗೂ ಗೊತ್ತು. ನಂಗೂ ಗೊತ್ತಿತ್ತು. ಟ್ಯೂನ್ ಗುಣುಗುಣಿಸ್ತಾ ಮರ್ತೆ.

ಸ್ಟೇಜ್ ಹತ್ತೋ ಹೊತ್ತಿಗೆ ಗಂಟಲು ಕೆರೀತಿತ್ತು. ‘ಕತ್ತಲ ಬೇರು’ ಶುರು ಮಾಡಿದೆ. ಜನ ಪ್ರಸಾದದ ಬಕೆಟ್ ಕಡೆ ನೋಡ್ತಿದ್ರು. ಎರಡನೇ ಚರಣ ಮರೆತೇಹೋಯ್ತು, ಗಾಬರೀಲಿ ಬಾಯಿಗೆ ಬಂದಿದ್ದು ಮರಕೆಸದ ಪತ್ರೊಡೇ, ಅದೂ ಆ ಕೆರೆತದ ಗಂಟಲಲ್ಲಿ, ಸ್ಪೀಕರ್ ಸೀಳೋ ಅಗತ್ಯನೇ ಇರ್ಲಿಲ್ಲ, ನಾನೇ ಸೀಳಿದ ಸ್ಪೀಕರ್ ಆಗಿದ್ದೆ. ಹಿಂದಿನ ಸಾಲಿನ ಹುಡುಗ್ರು ತಲೆ ಎತ್ತಿದ್ರು. 1977ರಲ್ಲಿ ಕ್ವೀನ್ ಬ್ಯಾಂಡ್‌ನ ಬ್ರಯಾನ್ ಮೇ, ಕೇಳೋರೂ ಸೇರ್ಕೊಳ್ಳಲಿ ಅಂತಾನೇ ಎರಡು ಸಲ ಕಾಲು ಕುಟ್ಟು, ಒಂದು ಚಪ್ಪಾಳೆ ಅಂತ ಹಾಡು ಕಟ್ಟಿದ್ರಲ್ಲ, ನಾನೂ ಹಲಗೆ ಮೇಲೆ ಕುಟ್ಟಿದೆ. ಎಲ್ರೂ ಕುಟ್ಟಿದ್ರು. ಯಕ್ಷಗಾನದಲ್ಲಿ ರಾತ್ರಿ ಎರಡಕ್ಕೆ ಚಂಡೆ ಬಿದ್ರೆ ತೂಕಡಿಸ್ತಿದ್ದೋರೆಲ್ಲಾ ಎದ್ದು ಕೂರೋದು ಪದ್ಯದ ಅರ್ಥ ಕೇಳಿ ಅಲ್ವಲ್ಲ, ಹಾಗೆ. ಧಡ್ ಧಡ್ ಚಪ್, ಪತ್ರೊಡೇ! ಮೂರನೇ ಸುತ್ತಿಗೆ ಪೆಂಡಾಲಿನ ಕಂಬ ಅಲ್ಲಾಡಿ, ಟಾರ್ಪಾಲಲ್ಲಿ ನಿಂತಿದ್ದ ಮಳೆ ನೀರು ಪೂರ್ತಿ ಮುಂದಿನ ಸಾಲಿನ ಮೇಲೆ ಸುರೀತು. ನಿಲ್ಲಿಸ್ಬೇಕಿತ್ತು. ಯಾರೂ ನಿಲ್ಲಿಸ್ಲಿಲ್ಲ.

ಇಳಿದು ಬಂದ್ರೆ ಎದುರಿಗೆ ದೊಡ್ಡಪ್ಪ, ತೊಪ್ಪೆಯಾಗಿ ನಿಂತಿದ್ರು. ಒಂದೂವರೆ ತಿಂಗಳ ಮೇಲೆ ಮೊದಲ ಸಲ ನನ್ನ ಹತ್ರ ಬಾಯಿಬಿಟ್ರು. ಸ್ವರ ಥೇಟ್ ನನ್ನ ಥರಾನೇ ಗರಗರ.

"ಹುಳಿ ಹಾಕಿರ್ಲಿಲ್ವೇನೋ ಮಾರಾಯ?"