ಕೆರೆಯ ನೀರಿನಷ್ಟೇ ತಳದ ಹೂಳನ್ನೂ ಪರೀಕ್ಷಿಸಬೇಕು

ಕೆರೆಗೋ ಸರೋವರಕ್ಕೋ ಒಳಚರಂಡಿ ನೀರು ಸೇರುತ್ತಿದೆ ಎಂಬ ದೂರು ಬಂದಾಗಲೆಲ್ಲ ಎಲ್ಲರ ಕಣ್ಣಿಗೆ ಬೀಳುವುದು ನೊರೆ, ನೀರಿನ ಬಣ್ಣ ಮತ್ತು ಸತ್ತು ತೇಲುವ ಮೀನುಗಳು. ಪರೀಕ್ಷೆಗೆಂದು ಬಾಟಲಿಯಲ್ಲಿ ತುಂಬಿಕೊಂಡು ಹೋಗುವುದೂ ಸಾಮಾನ್ಯವಾಗಿ ಮೇಲಿನ ನೀರನ್ನೇ. ಆದರೆ ಕೊಳಚೆಯಲ್ಲಿರುವ ಕಣಗಳು ಬೇಗನೆ ತಳ ಸೇರುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳ ಬದುಕು ಹೇಗೆ ಬದಲಾಗಿದೆ ಎಂಬುದನ್ನು ನೋಡದೆ, ನೀರು ತಿಳಿಯಾಯಿತೆಂಬ ಒಂದೇ ಕಾರಣಕ್ಕೆ ಕೆರೆ ಸುಧಾರಿಸಿತೆಂದು ಘೋಷಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾರದರ್ಶಕ ಕೊಳವೆಯೊಂದನ್ನು ತಳಕ್ಕೆ ಒತ್ತಿ, ಹೂಳನ್ನು ಕದಡದೆ ಮೇಲೆತ್ತಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮಾಲಿನ್ಯ ಕಡಿಮೆಯಿರುವ ಕಡೆ ಹೂಳಿನ ನೆತ್ತಿಯಲ್ಲಿ ತೆಳುವಾದ ಕಂದು ಪದರವಿರುತ್ತದೆ; ಆಮ್ಲಜನಕ ಇಳಿಯುವುದು ಸಾಮಾನ್ಯವಾಗಿ ಅಲ್ಲಿನ ಕೆಲವೇ ಮಿಲಿಮೀಟರ್‌ಗಳಷ್ಟು. ಅದರ ಕೆಳಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್‌ಗಳನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬಳಸಿ ಉಸಿರಾಡುತ್ತವೆ, ಎಲ್ಲಕ್ಕಿಂತ ಕೆಳಗೆ ಮೀಥೇನ್ ಉತ್ಪಾದಿಸುವ, ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿರುತ್ತವೆ. ಕೊಳಚೆ ಸತತವಾಗಿ ಬೀಳುವ ಜಾಗದಲ್ಲಿ ಆಹಾರ ಅತಿಯಾಗಿ, ಅದನ್ನು ಕೊಳೆಸುವ ಭರದಲ್ಲಿ ಆಮ್ಲಜನಕ ಮೇಲ್ಮೈಯಲ್ಲೇ ಮುಗಿದುಹೋಗುತ್ತದೆ. ಆಗ ಕಂದು ಪದರ ಮಾಯವಾಗಿ, ಕಬ್ಬಿಣದ ಸಲ್ಫೈಡ್‌ನಿಂದ ಕಪ್ಪಾದ ಹೂಳು ಮೇಲ್ಮೈಯವರೆಗೂ ಬರುತ್ತದೆ. ಕೊಳವೆಯ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ, ಸ್ವಲ್ಪ ಅಲುಗಿಸಿದರೆ ಗುಳ್ಳೆಗಳು ಏಳುತ್ತವೆ.

ಈ ಬದಲಾವಣೆಯಲ್ಲಿ ಸೋಲುವವು ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಸೂಕ್ಷ್ಮಜೀವಿಗಳು. ನಿಧಾನವಾಗಿ ಬೆಳೆಯುವ ಇವುಗಳಿಗೆ ಆಮ್ಲಜನಕ ಬೇಕೇ ಬೇಕು. ಇವು ಹಿಂದೆ ಸರಿದರೆ ಅಮೋನಿಯಾ ಉಳಿದುಕೊಳ್ಳುತ್ತದೆ. ನೈಟ್ರೇಟ್ ಅನ್ನು ನಿರಪಾಯಕಾರಿ ಸಾರಜನಕ ಅನಿಲವಾಗಿಸಿ ವಾತಾವರಣಕ್ಕೆ ಬಿಡುವ ಬ್ಯಾಕ್ಟೀರಿಯಾಗಳಿಗೂ ಕೆಲಸ ಕಡಿಮೆಯಾಗುತ್ತದೆ. ಇಷ್ಟರಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಹೂಳಿನಲ್ಲೇ ಬಂಧಿಯಾಗಿದ್ದ, ಪಾಚಿಗೆ ಪೋಷಕಾಂಶವಾದ ರಂಜಕ, ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಬಿಡುಗಡೆಯಾಗಿ ಮತ್ತೆ ನೀರಿಗೆ ಬರುತ್ತದೆ. ಇದನ್ನು ಮಾರ್ಟಿಮರ್ ಎಂಬ ವಿಜ್ಞಾನಿ 1941 ಮತ್ತು 1942ರ ಪ್ರಬಂಧಗಳಲ್ಲಿಯೇ ವಿವರಿಸಿದ್ದರು.

ಸ್ವೀಡನ್ನಿನ ಟ್ರುಮೆನ್ ಸರೋವರದ ಕಥೆಯನ್ನು ಕೆರೆಗಳ ಬಗ್ಗೆ ಕಾಳಜಿಯುಳ್ಳ ಪ್ರತಿಯೊಬ್ಬರೂ ತಿಳಿದಿರಬೇಕು. 1950ರ ದಶಕದ ಕೊನೆಗೇ ಅದಕ್ಕೆ ಕೊಳಚೆ ಬಿಡುವುದು ನಿಂತಿತ್ತು. ಆದರೂ ದಶಕ ಕಳೆದರೂ ಪಾಚಿ ತಗ್ಗಲಿಲ್ಲ, ಏಕೆಂದರೆ ಹೊರಗಿನಿಂದ ಬರುವುದು ನಿಂತ ಮೇಲೂ ಹಳೆಯ ಹೂಳು ಪೋಷಕಾಂಶಗಳನ್ನು ನೀರಿಗೆ ಉಣಿಸುತ್ತಲೇ ಇತ್ತು. 1970 ಮತ್ತು 1971ರಲ್ಲಿ ಮೇಲಿನ ಸುಮಾರು ಒಂದು ಮೀಟರ್ ಹೂಳನ್ನು ತೆಗೆದ ನಂತರವೇ ಅದು ಚೇತರಿಸಿಕೊಂಡಿತು. ಅಮೆರಿಕದ ವಾಷಿಂಗ್ಟನ್ ಸರೋವರ ಮಾತ್ರ, 1968ರಲ್ಲಿ ಕೊಳಚೆಯನ್ನು ಪೂರ್ತಿಯಾಗಿ ಬೇರೆಡೆಗೆ ತಿರುಗಿಸಿದ ಕೆಲವೇ ವರ್ಷಗಳಲ್ಲಿ ತಿಳಿಯಾಯಿತು. ಅದು ಟ್ರುಮೆನ್‌ಗಿಂತ ಆಳವಾದ ಸರೋವರ. ಆದ್ದರಿಂದ ಒಂದು ಕೆರೆಗೆ ಫಲಿಸಿದ ಪರಿಹಾರವನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಅನ್ವಯಿಸಲಾಗದು.

ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುವುದು ಇನ್ನೊಂದು ಸಂಗತಿ. ಕೊಳಚೆಯೊಂದಿಗೆ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ, ಆ್ಯಂಟಿಬಯೋಟಿಕ್ ಔಷಧಗಳ ಉಳಿಕೆಗಳೂ, ಆ ಔಷಧಗಳನ್ನು ಎದುರಿಸುವ ಜೀನ್‌ಗಳೂ ಹೂಳಿಗೆ ಇಳಿಯುತ್ತವೆ. ಕರುಳಿನ ಬ್ಯಾಕ್ಟೀರಿಯಾವಾದ ಇ. ಕೋಲೈ ನೀರಿಗಿಂತ ಹೂಳಿನಲ್ಲಿ ಹೆಚ್ಚು ಕಾಲ ಬದುಕುತ್ತದೆ; ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೀಜಾಣುಗಳಂತೂ ಬಹಳ ದೀರ್ಘಕಾಲ ಉಳಿಯುವುದರಿಂದ, ಅವುಗಳನ್ನು ಹಳೆಯ ಕೊಳಚೆಯ ಗುರುತಾಗಿಯೇ ಬಳಸುತ್ತಾರೆ. ಪ್ರತಿರೋಧದ ಜೀನ್‌ಗಳು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ದಾಟಬಲ್ಲವು. ಜಿನೀವಾ ಸರೋವರದ ವಿಡಿ ಕೊಲ್ಲಿಯಲ್ಲಿ ಹೂಳನ್ನು ಪರೀಕ್ಷಿಸಿದಾಗ, ಕೊಳಚೆ ಶುದ್ಧೀಕರಣ ಘಟಕದ ನೀರು ಸೇರುವ ಜಾಗದ ಸುತ್ತ ಇಂಥ ಜೀನ್‌ಗಳು ಹೆಚ್ಚಾಗಿ ಕಂಡುಬಂದಿವೆ. ಅಂದರೆ ಸಂಸ್ಕರಿಸಿದ ನೀರು ಬಿಡುವ ಕಡೆಯೂ ಹೂಳಿನ ಮೇಲೆ ನಿಗಾ ಇರಬೇಕು.

ಕೊಳಚೆಯನ್ನು ತಡೆಯುವುದೇ ಮೊದಲ ಕೆಲಸ. ಅದು ನಿಲ್ಲದೆ ಹೂಳೆತ್ತಿದರೆ ಹಣ ವ್ಯರ್ಥ. ಆಮೇಲೆ ಚರಂಡಿಯ ಬಾಯಿಯಲ್ಲಿ, ಕೆರೆಯ ನಡುವಿನಲ್ಲಿ, ಕೊಳಚೆ ತಲುಪದ ಮೂಲೆಯಲ್ಲಿ ಹೂಳಿನ ಮಾದರಿ ತೆಗೆದು, ಆಮ್ಲಜನಕ ಎಷ್ಟು ಆಳಕ್ಕೆ ಇಳಿಯುತ್ತದೆ, ರಂಜಕ ಎಷ್ಟು ಹೊರಬರುತ್ತಿದೆ, ಯಾವ ಬ್ಯಾಕ್ಟೀರಿಯಾಗಳಿವೆ ಎಂಬುದನ್ನು ಹೋಲಿಸಬೇಕು. ಎತ್ತಿದ ಹೂಳನ್ನು ಗೊಬ್ಬರವೆಂದು ಹೊಲಗಳಿಗೆ ಹರಡುವ ಮೊದಲು ರೋಗಕಾರಕಗಳು, ಭಾರಲೋಹಗಳು ಮತ್ತು ಪ್ರತಿರೋಧದ ಜೀನ್‌ಗಳಿಗಾಗಿ ಅದನ್ನು ಪರೀಕ್ಷಿಸುವುದನ್ನು ಕಡ್ಡಾಯಗೊಳಿಸಬೇಕು, ಮತ್ತು ಆ ಫಲಿತಾಂಶವನ್ನು ಹೊಲದ ಮಾಲೀಕರ ಕೈಗೆ ಕೊಡಬೇಕು.